ಒಂದೇ ವಜೂ

ಫೆ. 5, ಗುರುವಾರ, ಸಂಜೆ
ಅಸರ್ ನಮಾಜ್ ಆಯಿತು. ಮಧ್ಯಾಹ್ನ ನಮಾಜಿಗೆ ಮುನ್ನ ಮಾಡಿದ ವಜೂ ಇನ್ನೂ ಇದೆ. ಅದರಲ್ಲೇ ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ಕೂಡ ಮುಗಿಸಬೇಕು. ನಡುವೆ ಮೂತ್ರಕ್ಕೆ ಹೋದರೆ ವಜೂ ಮುರಿಯುತ್ತದೆ, ಮತ್ತೆ ಕೈಕಾಲು ಮುಖ ತೊಳೆಯಬೇಕು. ಅದಕ್ಕೇ ಊಟದ ಮೇಲೆ ನೀರು ಮುಟ್ಟಿಲ್ಲ.
ಮತ್ತೆ ಉರಿಮೂತ್ರ. ಉಷ್ಣವೇ ಇರಬೇಕು. ತಂಪಿಗೆ ಸಬ್ಜಾ ಬೀಜ ನೆನೆಹಾಕಿದ್ದೇನೆ.
ರಂಜಾನ್ ಹತ್ತಿರ ಬಂತು. ಪ್ರತಿ ವರ್ಷ ಮುಟ್ಟಿನ ದಿನಗಳಲ್ಲಿ ಉಪವಾಸ ತಪ್ಪಿಹೋಗುತ್ತಿತ್ತು. ಮುಟ್ಟು ನಿಂತ ಮೇಲೆ ಇದೇ ಮೊದಲ ರಂಜಾನ್. ಈ ಸಲ ಎಲ್ಲ ರೋಜಾ ನನ್ನವು — ಒಂದೂ ಬಿಡದೆ.

ಫೆ. 7, ಶನಿವಾರ
ಇವತ್ತು ತವರು ಕಮಲಾಪುರದ್ದೇ ಧ್ಯಾನ. ಕತ್ತಲಾದ ಮೇಲೆ ಓಣಿಯ ಹೆಂಗಸರೆಲ್ಲ ತಂಬಿಗೆ ಹಿಡಿದು ಜಾಲಿಗಿಡಗಳ ಕಡೆ ಹೊರಡುತ್ತಿದ್ದೆವು. ನನ್ನ ಕೈ ಹಿಡಿದು ಗೆಳತಿ ಚಂದಮ್ಮ. ಯಾರ ಅತ್ತೆ ಏನಂದಳು, ಯಾರ ಸೊಸೆ ಏನು ಸೀಯಿಸಿದಳು — ಎಲ್ಲ ಸುದ್ದಿ ಅಲ್ಲೇ. ನಕ್ಕು ನಕ್ಕು ತಂಬಿಗೆಯ ನೀರು ಚೆಲ್ಲುತ್ತಿತ್ತು. ಅಂಥ ನಗು ಆಮೇಲೆ ನಕ್ಕೇ ಇಲ್ಲ.
ಅಮ್ಮಿ ನಸುಕಿನಲ್ಲೊಮ್ಮೆ ಹೋಗಿಬಂದು ವಜೂ ಮಾಡಿದರೆ ಮಗ್ರಿಬ್‌ವರೆಗೆ ಅದೇ. ಇಡೀ ದಿನ ಒಂದೇ ವಜೂ! ಎಂಥ ಇಮಾನು, ಎಂಥ ಭಕ್ತಿ. ನನಗೆ ಅರ್ಧ ದಿನವೂ ಕಷ್ಟ.

ಫೆ. 11, ಬುಧವಾರ
ಮೂರು ದಿನ ಬರೆಯಲಾಗಲಿಲ್ಲ. ಚಳಿಜ್ವರ, ಸೊಂಟದ ಮೇಲೆ ನೋವು, ವಾಂತಿ. ಮಗಳು ಮದಿಹಾ ಇವತ್ತು ಜೇವರ್ಗಿ ಕಾಲೋನಿಯ ಡಾಕ್ಟರ್ ಸೌಂದರ್ಯಾ ಅವರ ಹತ್ತಿರ ಎಳೆದುಕೊಂಡು ಹೋದಳು. ಮೂತ್ರದ ಟೆಸ್ಟ್.
"ನೀರ ಎಷ್ಟ ಕುಡಿತೀರಿ?"
"ಬೇಕಾದಷ್ಟರೀ."
"ಸುಳ್ಳ ಮೇಡಂ," ಮದಿಹಾ ಬಾಯಿ ಹಾಕಿದಳು. "ಗುಬ್ಬಿ ಕುಡಿದಂಗ ಕುಡಿತಾಳ. ವಜೂ ಮುರಿತದಂತ ತಡಕೊಂಡ ಕೂಡ್ತಾಳ."
ಡಾಕ್ಟರ್ ನಗಲಿಲ್ಲ. "ಇದು ಉಷ್ಣ ಅಲ್ರಿ, ಸೋಂಕು. ನೀರ ಕುಡೀಲಾರದ, ತಡಕೊಂಡ ಕುಂತ್ರ ಒಳಗ ಕ್ರಿಮಿ ಬೆಳಿತಾವ. ಮುಟ್ಟು ನಿಂತವರಿಗಂತೂ ಲಗೂ ಹತ್ತತದ. ಈಗ ಕಿಡ್ನಿಗೆ ಏರ್ಯಾದ. ಅನಿಸಿದ ಕೂಡ್ಲೇ ಹೋಗ್ರಿ. ತೊಳಕೊಳ್ಳೂದು ಮುಂದಿಂದ ಹಿಂದಕ್ಕ. ಉರಿ ಕಡಿಮಿ ಆತಂತ ಗುಳಿಗಿ ಬಿಡಬ್ಯಾಡ್ರಿ, ಪೂರಾ ಮುಗಸ್ರಿ."
"ರೋಜಾ?"
"ಗುಳಿಗಿ ಮುಗಿದು ಟೆಸ್ಟ್ ಚಲೋ ಬರೂತನಕ ಬ್ಯಾಡ."
ದಾರಿಯುದ್ದಕ್ಕೂ ಆಟೋದಲ್ಲಿ ಅಳುತ್ತಲೇ ಬಂದೆ.

ಫೆ. 16, ಸೋಮವಾರ
ಜ್ವರ ಬಿಟ್ಟಿದೆ. ತಮ್ಮ ಚಾಂದಪಾಶಾ ಕಾರು ತಂದು ಕಮಲಾಪುರಕ್ಕೆ ಕರೆದೊಯ್ದ. ಜಾಲಿಗಿಡಗಳಿದ್ದಲ್ಲಿ ಈಗ ಮನೆಗಳು. ಚಂದಮ್ಮನ ಮನೆಗೂ ಬೇರೆ ಯಾರೋ ಬಂದಿದ್ದಾರೆ.
ಅಮ್ಮಿಯ ತೊಡೆಯ ಮೇಲೆ ತಲೆಯಿಟ್ಟು ಹೇಳಿದೆ: "ನಿನ್ನಂಗ ಒಂದೇ ವಜೂ ನನಗ ಆಗವಲ್ದು, ಅಮ್ಮಿ."
ಅಮ್ಮಿ ನಕ್ಕು ನಕ್ಕು ಕೆಮ್ಮಿದಳು. "ಅರೇ ಪಗಲೀ! ಸವಾಬಿಗಂತ, ಪುಣ್ಯಕ್ಕಂತ ತಡಕೊಂಡಿದ್ನೇನ? ಹಗಲ ಹೊತ್ತ ಹೋಗಾಕ ಜಾಗಾ ಎಲ್ಲಿತ್ತ? ತಡಕೊಂಡ ನಮಾಜ್ ಮಾಡಬಾರ್ದಂತ ನಿಮ್ಮ ಅಬ್ಬಾ ಹೇಳೇ ಹೇಳ್ತಿದ್ರು. ಅವರಿಗೇನ, ಗಂಡಸರು, ಗ್ವಾಡಿ ಸಿಕ್ರ ಸಾಕು!"
ಆಮೇಲೆ ಮೆಲ್ಲಗೆ, "ಉರಿ ನನಗೂ ಇತ್ತ, ಲತೀಫಾ. ಒಂದಿನ ಚಂದಮ್ಮನ ಅವ್ವನ ಮುಂದ ಹೇಳಿದೆ. ಆಕಿ ನನಗೂ ಅಂದ್ಳು. ಅಷ್ಟೇ. ಮತ್ತ ಇಬ್ಬರೂ ತಂಬಗಿ ತಗೊಂಡ ಎದ್ದಿವಿ."
ಆ ನಗುವಿನ ನಡುವೆ ಇದೂ ಇತ್ತೇ... ನಾನು ಕಂಡಿರಲೇ ಇಲ್ಲ. ಆದರೂ ಆ ಸಂಜೆಗಳು ಬೇಕೆನಿಸುತ್ತವೆ.

ಫೆ. 19, ಗುರುವಾರ
ಮೊದಲ ರೋಜಾ. ನನಗಿಲ್ಲ. ಅಡುಗೆಮನೆ ಬಾಗಿಲ ಹಿಂದೆ ನಿಂತು ನೀರು ಕುಡಿಯುತ್ತಿದ್ದೆ. ನಮ್ಮ ಮನೆಯವರು ನೋಡಿಬಿಟ್ಟರು.
"ಕಳ್ಳಿ ಹಂಗ ಯಾಕ ಕುಡಿತಿ? ಬೀಮಾರಿದ್ದವರಿಗೆ ಅಲ್ಲಾನೇ ಮಾಫಿ ಕೊಟ್ಟಾನ. ಹೊರಗ ಕೂತು ಕುಡಿ."
ಕುಡಿದೆ. ಹೊರಗೇ ಕೂತು, ಲೋಟ ಖಾಲಿಯಾಗುವವರೆಗೆ. ಬಿಟ್ಟ ರೋಜಾಗಳನ್ನು ಈದ್ ಆದ ಮೇಲೆ ಹಿಡಿಯಬೇಕು.

ಫೆ. 25, ಬುಧವಾರ
ಗುಳಿಗೆ ಮುಗಿದವು. ನಿನ್ನೆ ಟೆಸ್ಟ್ ಚೆನ್ನಾಗಿ ಬಂತು. ಡಾಕ್ಟರ್ ಹೂಂ ಅಂದರು. ಇವತ್ತು ನನ್ನ ಮೊದಲ ರೋಜಾ. ನಸುಕಿನ ಸಹರಿಯಲ್ಲಿ ತುಂಬ ನೀರು ಕುಡಿದಿದ್ದೆ, ಇಫ್ತಾರಿನಲ್ಲೂ. ತಮ್ಮ ಕಳಿಸಿದ ಕೆಂಪು ಬಾಳೆಹಣ್ಣು ಎಷ್ಟು ಸಿಹಿ. ಅಲ್ಹಮ್ದುಲಿಲ್ಲಾ.
ಮಗ್ರಿಬ್ ಆಯಿತು. ವಜೂ ಇದೆ. ರಾತ್ರಿಯ ಇಶಾ ಅಜಾನ್‌ಗೆ ಇನ್ನು ಸ್ವಲ್ಪವೇ ಹೊತ್ತು. ಅಮ್ಮಿಯ ಬಗ್ಗೆ ಬರೆಯಬೇಕೆಂದು ಕುಳಿತೆ, ಆ ದಿನ ನಾನು ಕಮಲಾಪುರದಿಂದ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದು... ಇರಲಿ, ವಜೂ ಮತ್ತೆ ಮಾಡಿದರಾಯಿತು, ಮೊದಲು ಹೋಗಿ—