ಕಾರ್ಡಿನ ಮೇಲಿನ ಹುಸೇನವ್ವ

ಹೂವಿನ ಹಿಪ್ಪರಗಿ
ಗುರುವಾರ

ಬಂಗಾರದಂಥ ಮೊಮ್ಮಗಳು ಕೋಮಲಳಿಗೆ,

ನಿನ್ನ ಆಯಿ ಗಟ್ಟಿಯಾಗಿದ್ದಾಳೆ, ಬಾಯಿ ಇನ್ನೂ ಗಟ್ಟಿಯಾಗಿದೆ. ಫೋನಿನಲ್ಲಿ ಕೇಳಿದರೆ ನೀನು ಮುದ್ದೇಬಿಹಾಳದಿಂದ “ಆವಾಜ್ ಬರವಲ್ದು” ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಾಲತವಾಡದಿಂದ ನಿನ್ನ ಗಂಡನಾಗುವ ಅನಿಲಕುಮಾರನ ಕಾಕಾ ಪರಶು ಬಂದಿದ್ದ. ಕೈಯಲ್ಲಿ ಪೇಡೆಯ ಡಬ್ಬಿ. ಕಾರಣವಿಲ್ಲದೆ ಸಿಹಿ ತಂದವರನ್ನು ನಾನು ನಂಬುವುದಿಲ್ಲ. ಚಹಾ ಕುಡಿದ, ನನ್ನ ಮೊಣಕಾಲು ನೋವು ವಿಚಾರಿಸಿದ. ಆಮೇಲೆ ಮೆಲ್ಲಗೆ, “ಆಯಿ, ಲಗ್ನದ ಕಾರ್ಡಿನ್ಯಾಗ ನಿಮ್ಮ ಹೆಸರು ದುರ್ಗವ್ವ ಅಂತ ಹಾಕಿಸಿದ್ರ ನಡೀತೈತೇನ್ರಿ?” ಎಂದ.

“ಯಾಕಪಾ, ಹುಸೇನವ್ವಗ ಏನಾಗೇತಿ?”

“ಈಗಿನ ಕಾಲ ಹಂಗೈತ್ರಿ. ಹೆಸರು ನೋಡಿ ನಮ್ಮ ಮಂದಿ, ಹುಡುಗಿ ಯಾರ ಪೈಕಿ ಅಂತ ಕೇಳ್ತಾರ.”

“ಕೇಳಿದವ್ರನ್ನ ನನ್ನ ಕಡೆ ಕಳಸು. ಪೇಡೆ ನಾ ತಿನಸ್ತೇನಿ.”

ಡಬ್ಬಿ ಬಿಟ್ಟು ಎದ್ದು ಹೋದ.

ನಿನಗೆ ಗೊತ್ತಿರುವುದೇ. ನಮ್ಮವ್ವನ ಮಕ್ಕಳು ತೊಟ್ಟಿಲು ದಾಟುತ್ತಿರಲಿಲ್ಲ. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಬೇಡಿಕೊಂಡಳು, ಮುಲ್ಲಾ ಮೋದಿನಸಾಬ ಓದಿಕೊಟ್ಟ ಸಕ್ಕರೆ ತಿಂದಳು, ನಾನು ಉಳಿದೆ. ಆ ಹುಸೇನ ದೇವರ ಹೆಸರನ್ನೇ ನನಗಿಟ್ಟಳು. ಇದೇ ಹೆಸರು ಹೇಳಿ ಹನುಮಪ್ಪನ ಗುಡಿಯಲ್ಲಿ ಕಾಯಿ ಒಡೆಸುತ್ತೇನೆ, ಪೂಜಾರಿ ಎಂದೂ ತಿರುಗಿ ನೋಡಿಲ್ಲ. ಇಲೆಕ್ಷನ್ ಬಂತೆಂದರೆ ಎಲ್ಲ ಪಾರ್ಟಿಯವರೂ “ಹುಸೇನವ್ವಾಯಿ, ನಮ್ಮ ಮ್ಯಾಲ ಕೈ ಇರ್ಲಿ” ಎಂದು ಕಾಲಿಗೆ ಬೀಳುತ್ತಾರೆ. ಸರಕಾರ ಕಟ್ಟಲು ನಡೆಯುವ ಹೆಸರು ನಿನ್ನ ಲಗ್ನಕ್ಕೆ ನಡೆಯುವುದಿಲ್ಲವೇ?

ಪರಶು ತಾನಾಗಿ ಬಂದವನಲ್ಲ. ಯಾರೋ ಕಳಿಸಿದ್ದಾರೆ. ಅನಿಲಕುಮಾರನ ಅವ್ವನ ಮೇಲೆ ನನಗೆ ಅನುಮಾನ. ನಿಶ್ಚಯದ ದಿನ ನನ್ನ ಹೆಸರು ಕೇಳಿ ಗಂಡನ ಮುಖ ನೋಡಿದ್ದಳು. ನಿನ್ನವ್ವನ ಮೇಲೂ ಇದೆ. ಬೀಗರು ಕೆಮ್ಮಿದರೆ ಇವಳು ನೀರು ತಂದು ನಿಲ್ಲುತ್ತಾಳೆ. ನಿನ್ನ ಮೇಲೆ ಇಲ್ಲ ಎಂದೇ ಬರೆಯುತ್ತೇನೆ.

ಕಾರ್ಡಿನಲ್ಲಿ ಹುಸೇನವ್ವ ಎಂದಿದ್ದರೆ ಅಕ್ಕಿಕಾಳು ಹಾಕಲು ಬರುತ್ತೇನೆ. ಇಲ್ಲದಿದ್ದರೆ ಆ ದುರ್ಗವ್ವನನ್ನೇ ಕರೆಸಿಕೊಳ್ಳಿರಿ.

ಹೆಸರು ಬದಲಿಸದ ನಿನ್ನ ಆಯಿ,
ಹುಸೇನವ್ವ

ತಾ.ಕ.: ದುರ್ಗವ್ವ ನನಗಿಂತ ಮೊದಲು ಹುಟ್ಟಿ, ತೊಟ್ಟಿಲಲ್ಲೇ ತೀರಿಕೊಂಡ ನನ್ನ ಅಕ್ಕ. ಆ ಹೆಸರನ್ನು ನಿನ್ನೊಬ್ಬಳಿಗೆ ಹೇಳಿದ್ದೆ, ನಿನ್ನಪ್ಪನಿಗೂ ಗೊತ್ತಿಲ್ಲ. ಇನ್ನು ಪರಶುವನ್ನು ಕಳಿಸಬೇಡ. ಕಾರ್ಡು ನೀನೇ ತಗೊಂಡು ಬಾ. ಹೊಸ್ತಿಲ ಹೊರಗೆ ನಿಂತು ಗಟ್ಟಿಯಾಗಿ ಓದು, ಆಮೇಲೆ ಒಳಗೆ ಕರೆಯುತ್ತೇನೆ.