ಮಾರಮ್ಮನ ಗೆಟ್

ಹಳೇಬೀಡು, 21 ನವೆಂಬರ್ 2024, ಗುರುವಾರ

ನಾಳೆ ಹಾಸನದಲ್ಲಿ ಗೈಡ್ ಕೆಲಸದ ಸಂದರ್ಶನ, ಅದೂ ಇಂಗ್ಲಿಷಿನಲ್ಲಿ. ನಲವತ್ತಾರನೇ ವಯಸ್ಸಿನಲ್ಲಿ ‘ಗೆಟ್’ ಎಂಬ ಒಂದೇ ಪದ ನನ್ನನ್ನು ಸುಸ್ತು ಮಾಡಿದೆ. ನಿಘಂಟಿನ ಎರಡು ಪುಟ ಅದರದೇ ಅರ್ಥ. ಗೆಟ್ ಡೌನ್ ಅಂದರೆ ಇಳಿ, ಗೆಟ್ ಇಟ್ ಅಂದರೆ ತಿಳಿ; ಪ್ರಾಸ ಅಲ್ಲಿಗೇ ಮುಗಿಯಿತು, ಅರ್ಥ ಮುಗಿಯಲಿಲ್ಲ. ಹೋಗುವುದೇ ಬೇಡ ಅಂದುಕೊಂಡಿದ್ದೆ.

ಮಧ್ಯಾಹ್ನ ದೇವಸ್ಥಾನದೆದುರು ಎಳನೀರು ಮಾರುವ ಮಾರಮ್ಮ ವಿದೇಶಿ ಹೆಂಗಸೊಬ್ಬಳಿಗೆ ಕಾಯಿ ಕೊಟ್ಟು ‘ಗೆಟ್’ ಅಂದಳು. ಕಾಯೊಳಗಿನ ಗಂಜಿ ಕೆರೆದು ತಿನ್ನು ಎನ್ನಲೂ ‘ಗೆಟ್’. ಬಿಸಿಲಿನಿಂದ ನೆರಳಿಗೆ ಕರೆದದ್ದೂ ‘ಗೆಟ್’. ಆಕೆ ನಗುತ್ತಾ ಎಲ್ಲವನ್ನೂ ಮಾಡಿದಳು.

“ಅದಕ್ಕೆ ಎಷ್ಟು ಅರ್ಥ ಗೊತ್ತೇನು ಮಾರಮ್ಮ?” ಅಂದೆ.

“ಅರ್ಥ ಅವ್ಳಿಗೆ ಗೊತ್ತೈತೆ ಕಣಪ್ಪ. ನಾನ್ ಬಾಯ್ಬಿಟ್ರೆ ಸಾಕು.”

ಬಿಳಿ ಅಂಗಿ ಇಸ್ತ್ರಿಯಾಯಿತು. ಬೆಳಿಗ್ಗೆ ಆರೂವರೆಗೆ ಬಸ್ಸು. ಬಾಯಂತೂ ಬಿಡುತ್ತೇನೆ.