ಹಲ್ಲಿನ ಡಾಕ್ಟರ ನಾಯಿಯ ಹೆಸರು

ಮಹಾರಾಯ್ತಿ,

ನಿದ್ದೆ ಕೆಡಿಸುವುದು ಬೇಡವೆಂದು ಬರೆದಿಟ್ಟು ಕೆಲಸಕ್ಕೆ ಹೊರಟಿದ್ದೇನೆ. ಹಾಲು ಕಾಯಿಸಿದ್ದೇನೆ.

ನಾನು ಊರಲ್ಲಿಲ್ಲದಾಗ ಮಹಡಿ ಮನೆಯ ಹಲ್ಲಿನ ಡಾಕ್ಟರು ಬಂದು ನಮ್ಮ ವೈಫೈ ಸರಿಮಾಡಿದರಂತೆ. “ಐದೇ ನಿಮಿಷ ಸಾಕಾಯ್ತು ಅವರಿಗೆ” ಅಂತ ನಿನ್ನೆ ಊಟಕ್ಕೆ ಕೂತಾಗ ನೀನು ಮತ್ತೆ ಮತ್ತೆ ಹೇಳಿದೆ. ಗಂಡನಾದ ನನಗೆ ಯಾಕೆ ಆಗಲಿಲ್ಲ ಎಂದು ಕೇಳಿದ ಹಾಗಿತ್ತು. ಇರಲಿ.

ಆದರೆ ಪಾಸ್‌ವರ್ಡಿಗೆ ಅವರ ನಾಯಿಯ ಹೆಸರಿಡಲು ಯಾಕೆ ಬಿಟ್ಟೆ? ಬೀದಿಯಲ್ಲಿ ದಿನಾ ಕೂಗಿ ಕರೆಯುವ ಹೆಸರು ಅದು, ಅಂಚೆಯವನಿಗೂ ಗೊತ್ತು. ನನ್ನ ಮನೆಯ ಇಂಟರ್‌ನೆಟ್ಟಿಗೆ ನಾನು ಅವರ ನಾಯಿಯನ್ನು ಕರೆದು ಒಳಗೆ ಹೋಗಬೇಕೇ? ಅವರ ಫೋನೂ ಮಹಡಿಯಿಂದಲೇ ಇನ್ನೂ ನಮ್ಮ ವೈಫೈಗೆ ಅಂಟಿಕೊಂಡಿದೆ. ಇದು ಹೊಟ್ಟೆಕಿಚ್ಚಲ್ಲ, ಸುರಕ್ಷತೆಯ ಮಾತು.

ಇವತ್ತೇ ಬದಲಾಯಿಸು. ರೂಟರ್ ಸೆಟ್ಟಿಂಗ್ಸಿಗೆ ಒಂದು ಪಾಸ್‌ವರ್ಡ್, ವೈಫೈಗೆ ಬೇರೊಂದು. ಬಂದುಹೋಗುವವರಿಗೆ ಅತಿಥಿ ನೆಟ್‌ವರ್ಕ್ ಸಾಕು. ಡಾಕ್ಟರೂ ಬಂದುಹೋಗುವವರೇ.

ರೂಟರನ್ನು ಮಾತ್ರ ಅವರಿಟ್ಟ ಕಪಾಟಿನ ಮೇಲೆಯೇ ಬಿಡು. ಅಡುಗೆಮನೆಗೂ ಸಿಗ್ನಲ್ ಬರುತ್ತಿದೆ, ಏನು ಮಾಡುವುದು!

ಪಾಸ್‌ವರ್ಡ್ ಉದ್ದವಾಗಿರಲಿ, ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಯಾವುದಾದರೂ ಮಾತಾಗಿರಲಿ. ನಾನೇ ಇಟ್ಟುಬಿಡೋಣ ಅಂತ ಶೂ ಹಾಕಿಕೊಂಡು ಬಾಗಿಲ ಹತ್ತಿರ ಬಹಳ ಹೊತ್ತು ಕೂತು ಯೋಚಿಸಿದೆ. ನನಗೆ ಹೊಳೆದದ್ದನ್ನೆಲ್ಲ ನೀನು ಆಗಲೇ ನಗುನಗುತ್ತಾ ಮಹಡಿ ಮನೆಯಲ್ಲಿ ಹೇಳಿಯಾಗಿದೆ.

ಹೇಳದೆ ಉಳಿಸಿಕೊಂಡದ್ದು ಏನಾದರೂ ಇದ್ದರೆ ಅದನ್ನೇ ಇಡು. ನನಗೆ ಫೋನ್ ಮಾಡಿ ಹೇಳು. ಮೆಸೇಜಿನಲ್ಲಿ ಬೇಡ.